ಇದ್ದಲಿ ಹಾಕದ ತುಂಡು

ನಗಬ್ಯಾಡ ದೊಡ್ಡವ್ವ! ಖರೇನ ಹೇಳಾಕತ್ತೇನಿ... ಶಿಗ್ಗಾಂವಿ ಬಸ್ಸಿನಾಗ ಕಂಡಕ್ಟರ್ ನನ್ನ ಇದ್ದಲಿ ಚೀಲ ನೋಡಿ, ‘ಏನವಾ, ಇಸ್ತ್ರಿ ಅಂಗಡಿ ಇಟ್ಟೀಯೇನ?’ ಅಂದ. ‘ಇಲ್ಲೋ ಅಣ್ಣ, ಪಿಎಚ್‌ಡಿ ಮಾಡಾಕತ್ತೇನಿ’ ಅಂದೆ. ಇಡೀ ಬಸ್ಸ ನಕ್ಕಿತು! ಇಸ್ತ್ರಿ ಅಂಗಡಿ ಅಂದಿದ್ರ ಮರ್ಯಾದಿ ಉಳೀತಿತ್ತು.

ಅದಿರ್ಲಿ, ಪೇಢೆ ತಗೋ. ತಗೋ ಅಂದ್ರ! ನಿನ್ನ ಹೊಲದಾಗಿನ ಪ್ರಯೋಗ ಮುಗೀತು. ಇನ್ನ ಬರದು ಕೊಟ್ರ ಆತು, ನಿನ್ನ ತಂಗಿ ಮಗಳು ಮಧುಶ್ರೀ ಡಾಕ್ಟರ್! ...ಮೊಣಕಾಲ ಯಾಕ ಮುಂದ ಮಾಡ್ತಿ? ಅದಕ್ಕ ಬ್ಯಾರೆ ಡಾಕ್ಟರ್ ಬೇಕು. ನಾ ಹೊಗಿ ಡಾಕ್ಟರ್.

ಎಂಥಾ ಸಂಶೋಧನಾ ಅಂತೀ! ದೊಡ್ಡ ದೊಡ್ಡ ಮಂದಿ ಗಾಳಿಯೊಳಗಿನ ಇಂಗಾಲ ಹಿಡ್ಯಾಕ ಮನಿಯಷ್ಟ ಮಷೀನ್ ಕಟ್ಟಾಕತ್ತಾರ. ನಾನು? ಕಾಳು ಬಿಡಿಸಿದ ಗೊಂಜಾಳ ಬೆಂಡು ಡ್ರಮ್ಮಿನಾಗ ತುಂಬಿ, ಮುಚ್ಚಳ ಹಾಕಿ ಸುಟ್ಟೆ. ಬೆಳಿ ಗಾಳಿಯಿಂದ ಹೀರಿದ್ದು ಇದ್ದಲಿ ಆತು, ಇದ್ದಲಿ ಮಣ್ಣಿಗೆ ಹೋತು, ಇನ್ನ ನೂರಾರು ವರ್ಷ ಅಲ್ಲೇ ಬಿದ್ದಿರತೈತಿ. ಅಷ್ಟ! ಮೊದಲನೇ ಸಲ ಹುಬ್ಬು ಸುಟಗೊಂಡೆ, ನೆನಪೈತಿಲ್ಲೋ? ನೀ ಎಮ್ಮಿ ಹಿಂಡೋದು ಬಿಟ್ಟು ನಕ್ಕೋತ ಕುಂತಿದ್ದಿ... ಹೂಂ, ಈಗೂ ನಗು.

ನಮ್ಮ ಗೈಡ್ ಸರ್ ಏನಂದ್ರು ಅಂತೀಯೇನು? ಸರ್... ಭಾಳ ಖುಷಿ ಆದ್ರು. ಹೂಂ. ‘ಹಿರೇಬೆಂಡಿಗೇರಿ ಯಂಕವ್ವನ ಹೊಲ’ ಅಂತ ಪುಸ್ತಕದಾಗ ನಿನ್ನ ಹೆಸರೂ ಬರತೈತಿ. ಇದ್ದಲಿ ಹಾಕಿದ ಹೊಲದ ತುಂಡು, ಪಕ್ಕದಾಗ ಹಾಕದ ತುಂಡು... ಎರಡರಾಗೂ ಬೆಳಿ ಭಾಳ ಚಲೋ ಬಂತು. ಎರಡರಾಗೂ.

ಹಂಗ ಒಂದ ಮಾತು ಕೇಳತೇನಿ... ಬರೋ ಮುಂಗಾರಿಗೆ ಬಾವಿ ಕಡೆ ಹೊಲದಾಗ ಒಂದೀಟು ಜಾಗಾ ಕೊಡತೀಯೇನು? ಏನಿಲ್ಲ, ಸುಮ್ನ. ಇನ್ನೊಂದು ವರ್ಷ... ಅಯ್ಯ, ಮುಗದೈತಿ ಅಂದ್ನೆಲ್ಲ! ಮುಗದರೂ ಮತ್ತ ಮಾಡ್ತಾರ. ವಿಜ್ಞಾನ ಅಂದ್ರ ಹಂಗ ದೊಡ್ಡವ್ವ, ಮಾಡಿದ್ದನ್ನ ಮಾಡೋದು. ಕೆಲಸಿಲ್ಲದ ಮಂದಿ ನಾವು.



ದೊಡ್ಡವ್ವ... ಪೇಢೆ ಯಾಕ ಕೆಳಗಿಟ್ಟಿ? ಹೊಲದ ಕಡೆ ಏನ ನೋಡ್ತಿ? ಅಲ್ಲೇನಿಲ್ಲ. ಕೆಂಪ ಮಣ್ಣಿನಾಗ ಕರೀ ಚೂರು, ಅಷ್ಟ... ಹಾಕದ ತುಂಡಿನಾಗೂ.

ಫಕ್ಕೀರೇಶ ಹೇಳಿದ. ನಿನ್ನ ಮಗನ ಬಾಯಾಗ ಎಳ್ಳುಕಾಳು ನೆನಿಯಂಗಿಲ್ಲಲ್ಲ! ‘ಉಳದ ಇದ್ದಲಿ ಚೀಲ ಅವ್ವ ಆ ತುಂಡಿಗೂ ಹರವಿದಳು. ಪಂಕ್ತಿಯೊಳಗ ಭೇದ ಮಾಡಬಾರದು, ಒಂದಕ್ಕ ಉಣಿಸಿ ಒಂದನ್ನ ಉಪಾಸ ಕೆಡವಿದ್ರ ಭೂಮಿತಾಯಿ ನೊಂದಕೋತಾಳ ಅಂದಳು’ ಅಂತ. ನಾ ನಕ್ಕೆ ದೊಡ್ಡವ್ವ. ಖರೇ, ಮೊದಲ ನಕ್ಕೆ... ಆಮ್ಯಾಲ ಹಾಸ್ಟೆಲ್ಲಿನಾಗ ಬಾಗಲಾ ಹಾಕ್ಕೊಂಡೆ.

ಹೌದು. ಮುಗದಿಲ್ಲ. ಆ ತುಂಡು ಬರೇ ಇದ್ದಿದ್ರ ಇದ್ದಲಿಯಿಂದ ಬೆಳಿಗೆ ಎಷ್ಟ ಫಾಯದೆ ಆತು ಅಂತ ಗೊತ್ತಾಗತಿತ್ತು. ಈಗ ಹೋಲಿಸಿ ನೋಡಾಕ ಏನೂ ಉಳದಿಲ್ಲ. ಸರ್ ಕಾಗದಾ ಮುಚ್ಚಿ, ‘ಮೊದಲಿಂದ ಮಾಡು’ ಅಂದ್ರು. ನಿನಗ ತಿಳೀಬಾರದು ಅಂತ ಇಷ್ಟೆಲ್ಲಾ ನಾಟಕ ಮಾಡಿದೆ... ನನಗ ನಾಟಕಾನೂ ಬರಂಗಿಲ್ಲ ನೋಡು!

ಏ... ಅಳಬ್ಯಾಡ. ಅಳಬ್ಯಾಡ ಮಾರಾಯ್ತಿ! ಸೆರಗು ತಗಿ ಮುಖದ ಮ್ಯಾಲಿಂದ. ನಿಂದೇನು ತಪ್ಪು? ಆ ತುಂಡು ಯಾಕ ಖಾಲಿ ಬಿಟ್ಟೇನಿ ಅಂತ ಮೈಸೂರಾಗ ಹೇಳಿದೆ, ದಿಲ್ಲಿಯಾಗ ಹೇಳಿದೆ, ಇಂಗ್ಲಿಷಿನಾಗ ಚಿತ್ರ ತೋರಿಸಿ ತೋರಿಸಿ ಹೇಳಿದೆ. ವರ್ಷಗಟ್ಟಲೆ ಈ ಕಟ್ಟಿ ಮ್ಯಾಲ ಕುಂತು ನಿನ್ನ ಕೈ ರೊಟ್ಟಿ ತಿಂದೆ... ನಿನಗೊಬ್ಬಾಕಿಗೆ ಹೇಳಲಿಲ್ಲ.