ಟ್ಯೂಬ್ ಇದ್ದರೆ ಏಳುವ ಕಾಲು

ಹಲೋ... ಯಾರ್ರೀ ಮಾತಾಡ್ತಿರೋದು?... ಹಾಂ, ನಾನೇ ಕಮಲಾಕ್ಷಮ್ಮ. ರಾಜಾಜಿನಗರದಲ್ಲಿ ಮಿಲ್ಲಿನ ಹೆಂಗಸರಿಗೆ ಚಾಪೆ ಕಸರತ್ತು ಹೇಳಿಕೊಡೋಳು. ಇದು ಶಂಭುಲಿಂಗಪ್ಪನವರ ಔಷಧಿ ಅಂಗಡಿ ಫೋನು. ನಿಮಗ್ಯಾರು ಕೊಟ್ರು ನಂಬರು?

...

ಡಾಕ್ಟರು ಕೊಟ್ರಾ? ಯಾವ ಆಸ್ಪತ್ರೆಯೋರು?... ಅದಕ್ಯಾಕೆ ಅಷ್ಟು ಯೋಚನೆ ಮಾಡ್ತೀರಿ?

...

ಓ, ಮನೆಯವರಿಗೆ ಸೊಂಟನೋವು. ಸರಿ, ನಂಬೋಣ.

...

ಮಾಯ ಮಂತ್ರ ಏನಿಲ್ಲ ಸ್ವಾಮಿ. ಟವೆಲ್ ಸುರುಳಿ ಸುತ್ತಿ ಕತ್ತಿನ ಕೆಳಗೆ. ಮೊಣಕಾಲುಗಳ ನಡುವೆ ಮಕ್ಕಳ ರಬ್ಬರ್ ಚೆಂಡು ಇಟ್ಟು ಒತ್ತೋದು. ಆಮೇಲೆ ಉದ್ದಕ್ಕೆ ಕತ್ತರಿಸಿದ ಹಳೇ ಸೈಕಲ್ ಟ್ಯೂಬು. ಅಂಗಾತ ಮಲಗಿ, ಅದನ್ನ ಪಾದಕ್ಕೆ ಸಿಕ್ಕಿಸಿ, ಎರಡೂ ತುದಿ ಕೈಲಿ ಹಿಡಿದು ಕಾಲೆತ್ತೋದು. ಅರ್ಧ ಭಾರ ಟ್ಯೂಬೇ ಹೊರುತ್ತೆ.

...

ಗುಣ ಆಗತ್ತಾ ಅಂದ್ರೆ? ನಮ್ಮ ನರಸಮ್ಮನ್ನ ನೋಡಿ. ಹನ್ನೊಂದು ವರ್ಷ ಮಗ್ಗದ ಮುಂದೆ ನಿಂತೂ ನಿಂತೂ ಸೊಂಟ ಹಿಡಿದುಹೋಗಿತ್ತು. ರಜೆ ಹಾಕಿ ಮಲಗಿದ್ದೋಳು, ಈಗ ಒಂದೇ ಉಸಿರಿಗೆ ಹತ್ತು ಸಲ ಕಾಲೆತ್ತುತ್ತಾಳೆ!

...

ಹಾಂ, ಕೃಷ್ಣಯ್ಯನ ಹೆಂಡತೀನೇ... ತಡೀರಿ. ಅವಳ ಗಂಡನ ಹೆಸರು ನಿಮಗೆ ಹೇಗೆ ಗೊತ್ತು? ಹಿಂದೆ ಅದೇನು ಟಕಟಕ? ಟೈಪ್‌ರೈಟರ್ ಅಲ್ವಾ? ಹೆಂಡತಿ ಸೊಂಟನೋವನ್ನ ಟೈಪ್ ಮಾಡಿಸ್ತಾರೇನ್ರೀ?

...

ಮಿಲ್ಲಿನ ಆಫೀಸಾ! ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

...

ಏನಂದ್ರಿ? ಕಸರತ್ತು ಮಾಡೋಳಿಗೆ ಕಾಯಿಲೆ ರಜೆ ಯಾಕೆ ಅಂತಲಾ? ನಾಳೆ ಪಾಳಿಗೆ ಬರದಿದ್ರೆ ಕೆಲಸದಿಂದ ತೆಗೀತೀರಾ? ನನ್ನ ಮಾತೇ ಸಾಕ್ಷಿನಾ?

...

ಹಾಗಾದ್ರೆ ಪೂರ್ತಿ ಕೇಳಿ. ಟ್ಯೂಬ್ ಬಿಚ್ಚಿದ್ರೆ ಆ ಕಾಲು ಒಂದು ಗೇಣೂ ಏಳಲ್ಲ. ಊಟಕ್ಕೆ ಕೂತೋಳು ಏಳೋಕೆ ಗೋಡೆ ಹಿಡೀತಾಳೆ. ಮಗ್ಗದ ಹತ್ರ ಕೂರೋಕೊಂದು ಸ್ಟೂಲ್ ಹಾಕಿ ಅಂತ ಎರಡು ವರ್ಷದಿಂದ ಈ ಹೆಂಗಸರು ಅರ್ಜಿ ಕೊಡ್ತಾನೇ ಇದ್ದಾರೆ. ಹಾಕಿದ್ರಾ? ಮಗ್ಗಕ್ಕೆ ಎಣ್ಣೆ ಬಿಡೋಕೆ ಮರೀದೇ ಇರೋರು, ಅವಳ ಬೆನ್ನಿಗೆ ಏನು ಬಿಟ್ರಿ?

...

ಹೆದರಿಸ್ಬೇಡಿ. ನಾಳೆ ಏಳು ಗಂಟೆಗೆ ನಿಮ್ಮ ಗೇಟಿನ ಮುಂದೇನೇ ಚಾಪೆ ಹಾಸ್ತೀವಿ. ನೀವೇ ಬಂದು ಆ ಟ್ಯೂಬ್ ಬಿಚ್ಚಿ. ಪಾಳಿಗೆ ಬರೋ ಅಷ್ಟೂ ಜನ ನೋಡ್ಲಿ, ಅವಳ ಕಾಲು ಏಳತ್ತೋ ಇಲ್ವೋ ಅಂತ.

...

ಯಾರ್ಯಾರು ಬರ್ತಾರೆ ಅಂತಲಾ? ಒಂದು ಹೆಸರು ಹೇಳಿ ಒಬ್ಬಳ ಅನ್ನಕ್ಕೆ ಕಲ್ಲು ಹಾಕಿದ್ದು ಸಾಲದಾ? ಇನ್ನೊಂದು ಹೆಸರು ನನ್ನಿಂದ ಹೊರಡಲ್ಲ. ಬೇಕಾದ್ರೆ ನನ್ನದೊಂದೇ ಬರ್ಕೊಳ್ಳಿ. ಕಮಲಾಕ್ಷ...

ಹಲೋ?... ಹಲೋ?