ಯಂತ್ರ ಸುಳ್ಳಾಗಲಿ ಎಂದು ಬೇಡಿದ ದಿನ

ಅಧ್ಯಕ್ಷತೆ ವಹಿಸಿರುವ ದೇವಿಂದ್ರಪ್ಪನವರೇ, ವೇದಿಕೆಯ ಮೇಲಿನ ಹಿರಿಯರೇ, ಕೆಲಸ ಬಿಟ್ಟು ಬಂದು ಕುಳಿತಿರುವ ನನ್ನ ಕಮಲಾಪುರದ ಸಭಿಕರೇ,

ಊರಿನ ಮಗಳು ವಿದ್ಯಾವತಿ ಕ್ಯಾನ್ಸರ್ ಹಿಡಿಯುವ ಯಂತ್ರ ಮಾಡಿದಳು ಎಂದು ಸ್ವಾಗತ ಭಾಷಣದಲ್ಲಿ ಹೇಳಿದಿರಿ. ಯಂತ್ರ ಅಂಥ ದೊಡ್ಡದೇನಲ್ಲ, ಅಂಚೆ ಚೀಟಿಯಷ್ಟಿದೆ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಪೂರ ಕಾಲುವೆಗಳು, ಅವುಗಳಲ್ಲಿ ಓರೆ ಸಾಲಿನಲ್ಲಿ ನಿಂತ ಕಂಬಗಳು. ರಕ್ತ ಹರಿಸಿದರೆ ಸಣ್ಣ ಕೋಶಗಳು ಕಂಬಗಳ ನಡುವೆ ನುಸುಳಿ ನೇರ ಹೋಗುತ್ತವೆ. ದೊಡ್ಡವು ಕಂಬಕ್ಕೆ ತಾಗಿ ತಾಗಿ ಪಕ್ಕಕ್ಕೆ ಸರಿಯುತ್ತವೆ. ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ದೊಡ್ಡವು. ಪಕ್ಕಕ್ಕೆ ಸರಿದದ್ದನ್ನು ಬಣ್ಣ ಹಾಕಿ ನೋಡುತ್ತೇವೆ.

ನನ್ನ ಅಕ್ಕ ಲಲಿತಾಬಾಯಿ ನಿಮಗೆ ಗೊತ್ತು. ಇಲ್ಲಿನ ಅಂಗನವಾಡಿಯಲ್ಲಿ ನಿಮ್ಮಲ್ಲಿ ಎಷ್ಟು ಜನರ ಮಕ್ಕಳಿಗೆ ಗದರಿಸಿ ಉಣಿಸಿದ್ದಾಳೋ! ಅವಳಿಗೆ ಎದೆಯ ಕ್ಯಾನ್ಸರ್ ಆಗಿ, ಕಲಬುರಗಿಯಲ್ಲಿ ಚಿಕಿತ್ಸೆ ಮುಗಿದು, ಈಗ ರೋಗ ಏನೂ ಉಳಿದಿಲ್ಲ ಎಂದು ವೈದ್ಯರು ಹೇಳಿದ್ದರು. ಯಂತ್ರದ ಪರೀಕ್ಷೆಗೆ ರಕ್ತ ಬೇಕೆಂದಾಗ ಅವಳೇ ತೋಳು ಚಾಚಿದಳು. "ಆರಾಮಾದವ್ರ ರಕ್ತಾನೂ ಬೇಕಲ್ಲೇನ? ತಗೋ."

ಅವಳ ರಕ್ತದಲ್ಲಿ ಸಿಗಬಾರದ್ದು ಸಿಕ್ಕಿತು.

ಪ್ರಯೋಗಾಲಯದ ಜೊತೆಗಾರ ಗುಫ್ರಾನ್ ಅದೇ ರಕ್ತವನ್ನು ಮತ್ತೊಮ್ಮೆ ಹರಿಸಿ ನೋಡಿದ, ಮತ್ತೆ ಅದೇ ಕಂಡಿತು. "ಮೇಡಂ, ನಮ್ಮ ಚಿಪ್ ಇನ್ನಾ ಪಕ್ಕಾ ಆಗಿಲ್ಲರೀ. ಸುಮ್ನ ಯಾಕ ಹೆದರಿಸ್ತೀರಿ?" ಎಂದ. ಅವನ ಮಾತು ನ್ಯಾಯವಾಗಿತ್ತು. ಆದರೆ ಸಭಿಕರೇ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಹೇಳಿದರೆ ಅವಳ ನಿದ್ದೆ ಹೋಗುತ್ತದೆ. ಹೇಳದಿದ್ದರೆ?

ಹೇಳಿದೆ. ಅಕ್ಕ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. "ಈಗ ದೇವ್ರಿಗಿ ಏನಂತ ಬೇಡ್ಕೊಳ್ಳಲಿ? ನಿನ್ನ ಮಷೀನ್ ಖರೇ ಆಗ್ಲಿ ಅಂತೋ, ಸುಳ್ಳಾಗ್ಲಿ ಅಂತೋ?"

"ಸುಳ್ಳಾಗ್ಲಿ ಅಂತ ಬೇಡ್ಕೋ ಅಕ್ಕ."

ವರ್ಷಗಟ್ಟಲೆ ದುಡಿದು ಮಾಡಿದ ಯಂತ್ರ ಸುಳ್ಳಾಗಲಿ ಎಂದು ಶರಣಬಸವೇಶ್ವರರ ಗುಡಿಯಲ್ಲಿ ನಾನೂ ಕೈಮುಗಿದು ನಿಂತೆ.

ಹೊಸ ಸ್ಕ್ಯಾನಿನಲ್ಲಿ ಬೆನ್ನುಮೂಳೆಯ ಮೇಲೆ ಚುಕ್ಕೆ ಕಂಡಿತು, ಕ್ಯಾನ್ಸರ್ ಅಲ್ಲಿಗೆ ಹರಡಿತ್ತು. ಪ್ರಯೋಗಾಲಯದಲ್ಲಿ ಎಲ್ಲರೂ ನನ್ನ ಕೈಕುಲುಕಿದರು. ನಾನು ಬಚ್ಚಲಿಗೆ ಹೋಗಿ, ಹೊರಗೆ ಕೇಳದಿರಲೆಂದು ನಲ್ಲಿ ತಿರುಗಿಸಿಟ್ಟು ಅತ್ತೆ. ಒಬ್ಬಳ ರಕ್ತದಿಂದ ಏನೂ ಸಾಬೀತಾಗುವುದಿಲ್ಲ. ಯಂತ್ರ ಆಸ್ಪತ್ರೆ ಸೇರಲು ಇನ್ನೂ ಬಹಳ ದಾರಿಯಿದೆ. ಆದರೆ ಅಕ್ಕನ ಔಷಧಿ ಬೇಗ ಶುರುವಾಯಿತು. ಪೂರ್ತಿ ಗುಣವಾಗುತ್ತದೆಯೇ? ವೈದ್ಯರು ಆ ಮಾತು ಆಡುವುದಿಲ್ಲ, ನಾನು ಕೇಳುವುದಿಲ್ಲ. ಮೈ ಹಗುರಿದ್ದ ದಿನ ಅಂಗನವಾಡಿಗೆ ಹೋಗಿ ಗದರುತ್ತಾಳೆ.

ನಿನ್ನೆ ಇಂಜೆಕ್ಷನ್ ಆಗಿದೆ, ಅದಕ್ಕೆ ಇಲ್ಲಿಗೆ ಬರಲಿಲ್ಲ. ನಾನು ಹೊರಡುವಾಗ ಹಾಸಿಗೆಯಿಂದಲೇ ಕೂಗಿದಳು: "ವಿದ್ಯಾ, ಶಾಲು ಹೊದಿಸ್ತಾರಲ್ಲ, ಅಲ್ಲೇ ಯಾರಿಗರ ಕೊಟ್ಟು ಬಂದೀ ಮತ್ತ. ಮನಿಗಿ ತಾ. ನನಗ ಥಂಡಿ ಹತ್ತಾಕತ್ತದ."

ಹಿರಿಯರೇ, ಹಾರ ಇಲ್ಲೇ ಇರಲಿ, ಶಾಲು ಒಯ್ಯುತ್ತೇನೆ. ಅವಳ ಪರವಾಗಿಯೂ ನಿಮಗೆ ಕೃತಜ್ಞತೆ. ನಮಸ್ಕಾರ.