ನಾನ್-ರಿಪೇರಬಲ್ ಡಿಪಾಜಿಟ್

ಈ ಸಭೆಯ ಅಧ್ಯಕ್ಷರೂ ನನ್ನ ಹಳೆಯ ವ್ಯಾನಿನ ಎಂಜಿನ್ನನ್ನು ಎರಡು ಸಲ ಇಳಿಸಿ ಏರಿಸಿದವರೂ ಆದ ಹಿರಿಯರೇ, ಬಿಡಿಭಾಗಗಳ ಅಂಗಡಿಯ ಮೇಲಿನ ಈ ಸಭಾಂಗಣವನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟ ಯಜಮಾನರೇ, ಮುಖ್ಯ ಅತಿಥಿಗಳಾದ ವಿಮಾ ಕಚೇರಿಯ ಮ್ಯಾನೇಜರ್ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಕುರ್ಚಿ ಸಾಲದೆ ಕೆಳಗೆ ಕುಳಿತಿರುವ ಗಣ್ಯರೇ, ಡೆಂಟಿಂಗ್, ಪೇಂಟಿಂಗ್, ವೈರಿಂಗ್, ಟಯರ್, ಎಲ್ಲ ವಿಭಾಗಗಳ ಸಭಿಕರೇ,

ನಮ್ಮ ಗ್ಯಾರೇಜ್ ಮಾಲೀಕರ ಸಂಘದವರು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ವಿಷಯವನ್ನೂ ಅವರೇ ಕೊಟ್ಟಿದ್ದಾರೆ. ರಿಪೇರಿಗೆ ಬುಕಿಂಗ್ ಮಾಡುವವರಿಂದ ಮುಂಗಡವಾಗಿ ಠೇವಣಿ ಕಟ್ಟಿಸಿಕೊಳ್ಳಬೇಕೇ? ಹೇಳಿದ ದಿನ ಅವರು ಬಾರದೆ ಹೋದರೆ ಆ ಹಣವನ್ನು ವಾಪಸ್ ಕೊಡದೆ ಇರಬೇಕೇ? ನಾನು ಕುಳಿತ ಮೇಲೆ ನೀವು ಕೈ ಎತ್ತಿ ತೀರ್ಮಾನ ಮಾಡುತ್ತೀರಿ. ನನ್ನ ತೀರ್ಮಾನವನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತರೆ ಕಷ್ಟ. ಬೇಕು. ಬೇಕೇ ಬೇಕು.

ನಾನು ಎರಡು ವರ್ಷ ಕಾಲೇಜು ಓದಿದವನು. ಭಾಷಣಕ್ಕೆ ಆದಿ, ಮಧ್ಯ, ಅಂತ್ಯ ಇರಬೇಕು ಎಂದು ಇಂಗ್ಲಿಷ್ ಮೇಷ್ಟ್ರು ಹೇಳಿಕೊಟ್ಟಿದ್ದರು. ಕಾಲೇಜಿನ ಮಧ್ಯ ಬರುವ ಮೊದಲೇ ನಾನು ಲಾರಿಯ ಕೆಳಗೆ ಹೋದೆ. ಗಾಬರಿಯಾಗಬೇಡಿ, ರಿಪೇರಿಗೆ. ಹಾಗಾಗಿ ನನ್ನ ಇಂಗ್ಲಿಷು ಅರ್ಧ ಬಿಗಿಮಾಡಿದ ಬೋಲ್ಟಿನ ಹಾಗೆ, ತಿರುಗಿಸಿದರೆ ಯಾವ ಕಡೆಗಾದರೂ ತಿರುಗುತ್ತದೆ. ಮೇಷ್ಟ್ರು ಒಂದು ಗಾದೆ ಹೇಳುತ್ತಿದ್ದರು: 'ಎ ಸ್ಟಿಚ್ ಇನ್ ನೈನ್ ಸೇವ್ಸ್ ದ ಟೈಮ್.' ಒಂಬತ್ತರಲ್ಲಿ ಒಂದು ಹೊಲಿಗೆ ಹಾಕಿದರೆ ಸಮಯ ಉಳಿಯುತ್ತದೆ. ಮುಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದೀರಿ. ಹಿಂದುಮುಂದಾಗಿರಬಹುದು. ಆದರೆ ಅರ್ಥ ಆಯಿತಲ್ಲ?

ಸ್ನೇಹಿತರೇ, ಬುಕಿಂಗ್ ಎಂದರೇನು? ಒಬ್ಬರು ಫೋನ್ ಮಾಡುತ್ತಾರೆ. "ಅಣ್ಣಾ, ಬುಧವಾರ ಬೆಳಿಗ್ಗೆ ಗಾಡಿ ತರ್ತೀನಿ, ಕ್ಲಚ್ ಹೋಗಿದೆ." ನಾವು ಕ್ಲಚ್ ಪ್ಲೇಟು ತರಿಸುತ್ತೇವೆ. ಗಾಡಿ ಎತ್ತಲು ಇರುವ ಎರಡು ಲಿಫ್ಟಿನಲ್ಲಿ ಒಂದನ್ನು ಖಾಲಿ ಇಡುತ್ತೇವೆ. ಬೇರೆಯವರು ಬಂದು ಗೋಗರೆದರೂ "ಇಲ್ಲಪ್ಪ, ಒಬ್ಬರಿಗೆ ಮಾತು ಕೊಟ್ಟಿದೀನಿ" ಎನ್ನುತ್ತೇವೆ. ಬುಧವಾರ ಬರುತ್ತದೆ, ಗಾಡಿ ಬರುವುದಿಲ್ಲ. ಫೋನ್ ಮಾಡಿದರೆ ಹಾಡು ಕೇಳಿಸುತ್ತದೆ, ಮನುಷ್ಯ ಕೇಳಿಸುವುದಿಲ್ಲ. ಖಾಲಿ ಲಿಫ್ಟಿನ ಕೆಳಗೆ ಕೈಕಟ್ಟಿ ನಿಂತವನಿಗೇ ಗೊತ್ತು ಅದರ ಸಂಕಟ. ಚುನಾವಣೆಯಲ್ಲಿ ಹೀನಾಯವಾಗಿ ಸೋತವನು ಠೇವಣಿ ಕಳೆದುಕೊಳ್ಳುತ್ತಾನೆ. ಅವನಾದರೂ ಸ್ಪರ್ಧೆಗೆ ಬಂದಿರುತ್ತಾನೆ! ಬಾರದೇ ಇರುವವನು ಏನನ್ನು ಕಳೆದುಕೊಳ್ಳುತ್ತಾನೆ?

ಹದಿನಾಲ್ಕು ವರ್ಷದ ಹಿಂದೆಯೇ ನಾನು ಈ ಪದ್ಧತಿ ತರಲು ಹೊರಟಿದ್ದೆ. ನಿಮ್ಮಲ್ಲಿ ಹಳಬರಿಗೆ ನೆನಪಿರುತ್ತದೆ, ಯಾಕೆಂದರೆ ನಕ್ಕವರಲ್ಲಿ ನೀವೂ ಇದ್ದಿರಿ. ತಗಡಿನ ಹಾಳೆಗೆ ಬಿಳಿ ಬಣ್ಣ ಬಳಿದು, ಕೆಂಪು ಅಕ್ಷರದಲ್ಲಿ ನಾನೇ ಕೈಯಾರೆ ಬೋರ್ಡು ಬರೆದೆ. ಠೇವಣಿ ವಾಪಸ್ ಇಲ್ಲ ಎಂಬುದನ್ನು ಗತ್ತಾಗಿ ಇಂಗ್ಲಿಷಿನಲ್ಲಿ ಬರೆಯಬೇಕು ಅನ್ನಿಸಿತು. 'ನಾನ್' ಎಂಬುದು ನೆನಪಿತ್ತು, ಕೊನೆಯ 'ಬಲ್' ನೆನಪಿತ್ತು, ಮಧ್ಯದ್ದು ಕೈಕೊಟ್ಟಿತು. ಹೇಳಿದೆನಲ್ಲ, ನನಗೆ ಯಾವಾಗಲೂ ಮಧ್ಯದ್ದೇ ತೊಂದರೆ. 'ನಾನ್-ರಿಪೇರಬಲ್ ಡಿಪಾಜಿಟ್' ಎಂದು ಬರೆದು ಬಾಗಿಲ ಮೇಲೆ ನೇತುಹಾಕಿದೆ.

ನನ್ನಾಕೆ ಗ್ಯಾರೇಜಿನ ಫೋನ್ ನೋಡಿಕೊಳ್ಳುತ್ತಿದ್ದಳು. ನನಗಿಂತ ಹೆಚ್ಚು ಓದಿದವಳು. ಹೊರಗೆ ಬಂದು ತಲೆಯೆತ್ತಿ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಗಿರಾಕಿಗಳ ಬೆಂಚಿನ ಮೇಲೆ ಕುಸಿದು ಕುಳಿತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಏನೇ ಅದು?" ಅಂದೆ.

"ರಿಪೇರಿ ಮಾಡಕ್ಕಾಗಲ್ಲ ಅಂತ ಗ್ಯಾರೇಜಿನ ಬಾಗಿಲಿಗೇ ಬರ್ಕೊಂಡಿದೀರಲ್ಲ! ಇನ್ನು ಒಳಗೆ ಯಾರ್ ಬರ್ತಾರೆ? ಇಳಿಸ್ರಿ ಅದನ್ನ ಮೊದ್ಲು."

ಇಳಿಸಿದೆ. ಸರಿಮಾಡಿ ಬರೆಯುತ್ತೇನೆ ಎಂದರೆ ಅದಕ್ಕೂ ಬಿಡಲಿಲ್ಲ. "ಠೇವಣಿ ಗೀವಣಿ ಏನೂ ಬೇಡ ರೀ. ಬರೋರು ಬರ್ತಾರೆ. ಬರದೇ ಇರೋರಿಗೆ ಏನೋ ಕಾರಣ ಇರುತ್ತೆ ಬಿಡಿ." ಅವಳದು ಒಂದು ಸ್ಲೇಟು ಇತ್ತು. ಆ ದಿನ ಬರಬೇಕಾದವರ ಹೆಸರನ್ನು ಅದರ ಮೇಲೆ ಬರೆಯುತ್ತಿದ್ದಳು. ಬಾರದವರ ಹೆಸರಿನ ಮುಂದೆ ಸಂಜೆ 'ಬಂದಿಲ್ಲ' ಎಂದು ಬರೆದು, ಅಷ್ಟೇ, ಒರೆಸಿಬಿಡುತ್ತಿದ್ದಳು. ಬೈಗುಳ ಇಲ್ಲ, ಗೊಣಗಾಟ ಇಲ್ಲ. ಬೋರ್ಡು ಹಳೆ ಟಯರುಗಳ ಹಿಂದೆ ಸೇರಿತು.

ಇರಲಿ, ವಿಷಯಕ್ಕೆ ಬರೋಣ. ಬೇರೆ ಕ್ಷೇತ್ರಗಳಲ್ಲಿ ಹೇಗಿದೆ ನೋಡೋಣ. ಬಸ್ಸಿನ ಟಿಕೆಟ್ ಮುಂಚೆ ಕೊಂಡು ನೀವು ಹೋಗದಿದ್ದರೆ ಬಸ್ಸು ಕಾಯುತ್ತದೆಯೇ? ಮದುವೆಗೆ ಸಭಾಂಗಣ ಹಿಡಿದು ಮನಸ್ಸು ಬದಲಾದರೆ, ವರನನ್ನಾದರೂ ವಾಪಸ್ ಕೊಟ್ಟಾರು, ಮುಂಗಡ ಕೊಟ್ಟಾರೆಯೇ? ಇನ್ನು ಕೆಲವು ಕಡೆ ಮುಂಗಡವೇ ಇಲ್ಲ. ಉದಾಹರಣೆಗೆ, ಆಸ್ಪತ್ರೆ. ಐದು ವರ್ಷದ ಹಿಂದೆ ನನ್ನಾಕೆಗೆ ಊಟ ಸೇರದಂತಾಯಿತು. ಗಂಟಲಿನಿಂದ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡಬೇಕು ಎಂದು ತಾರೀಖು ಕೊಟ್ಟರು. ಮಂಪರಿನ ಇಂಜೆಕ್ಷನ್ ಕೊಡುವುದರಿಂದ ಜೊತೆಗೊಬ್ಬರು ಬರಲೇಬೇಕು ಎಂದರು. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಜೊತೆಗೊಬ್ಬರು ಎಂದರೆ ಯಾರು? ನಾನೇ. ಎಷ್ಟು ಕಟ್ಟಬೇಕು ಎಂದು ಕೇಳಿದೆ. "ಈಗ ಏನೂ ಬೇಡ, ಬಂದಾಗ ಕಟ್ಟಿ" ಎಂದರು. ಎಷ್ಟು ಒಳ್ಳೆಯವರು ಅನ್ನಿಸಿತು.

ಅವರು ಕೊಟ್ಟ ಮೊದಲ ತಾರೀಖಿಗೆ ಟ್ಯಾಕ್ಸಿಯವನೊಬ್ಬ ಕುದಿಯುವ ರೇಡಿಯೇಟರ್ ತಂದು ನಿಲ್ಲಿಸಿದ. ಎರಡನೆಯದಕ್ಕೆ ಗೇರ್‌ಬಾಕ್ಸ್ ಬಿಚ್ಚಿ ಹರಡಿಕೊಂಡಿದ್ದೆ, ಎಲ್ಲಿಂದ ಏಳುವುದು? ಮೂರನೆಯ ತಾರೀಖಿಗೆ ಹೋಗಲೇಬೇಕು ಎಂದು ಕೈ ತೊಳೆದುಕೊಂಡು ಕುಳಿತಿದ್ದೆ. ಆದರೆ ಬ್ರೇಕ್ ಲೈನಿಂಗ್ ಬದಲಿಸಲು ಒಬ್ಬರು ಒಂಬತ್ತಕ್ಕೆ ಬುಕಿಂಗ್ ಮಾಡಿದ್ದರು. "ಖಂಡಿತ ಬರ್ತೀನಿ ಅಣ್ಣಾ, ಬ್ರೇಕೇ ಹಿಡಿತಿಲ್ಲ" ಎಂದಿದ್ದರು. ಬ್ರೇಕಿಲ್ಲದ ಗಾಡಿಯನ್ನು ಹೇಗೆ ಹಿಂದೆ ಕಳಿಸುವುದು? ಹತ್ತೂವರೆಗೆ ಆಸ್ಪತ್ರೆ. ಗಾಡಿಯನ್ನು ಲಿಫ್ಟಿಗೆ ಹತ್ತಿಸಿ, ಪಕ್ಕದ ಅಂಗಡಿಯವನಿಗೆ ಹೇಳಿ ಹೊರಡೋಣ ಅಂದುಕೊಂಡೆ. ಒಂಬತ್ತೂವರೆ ಆಯಿತು. ಹತ್ತಾಯಿತು. ನನ್ನಾಕೆ ಹೊರಗೆ ಹೋಗುವ ಬಟ್ಟೆ ಉಟ್ಟು, ಮಡಿಲಲ್ಲಿ ಫೈಲು ಇಟ್ಟುಕೊಂಡು, ಆ ಗಿರಾಕಿಗಳ ಬೆಂಚಿನ ಮೇಲೆಯೇ ಕುಳಿತಿದ್ದಳು. ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದರಿಂದ ನೀರೂ ಕುಡಿದಿರಲಿಲ್ಲ.

"ಇನ್ನೊಂದು ಹತ್ತು ನಿಮಿಷ ಕಣೇ" ಎಂದೆ. ಎಷ್ಟು ಸಲ ಎಂದೆನೋ.

ಒಂದು ಗಂಟೆಗೆ ಅವಳೇ ಎದ್ದು ನೀರು ಕುಡಿದಳು. "ಇರ್ಲಿ ಬಿಡಿ, ಅವ್ರಿಗೆ ಏನೋ ಕಾರಣ ಇರುತ್ತೆ" ಎಂದಳು. ಗಿರಾಕಿಯ ಬಗ್ಗೆ ಹೇಳಿದಳೋ, ನನ್ನ ಬಗ್ಗೆಯೋ, ಆಗ ನಾನು ಕೇಳಲಿಲ್ಲ. ಈಗ ಕೇಳುವಂತಿಲ್ಲ.

ಆ ಗಿರಾಕಿ ಮುಂದಿನ ವಾರ ಬಂದರು. "ಮರ್ತೇಹೋಯ್ತು ಅಣ್ಣಾ" ಎಂದು ನಕ್ಕರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಯಾವ ಬಾಯಲ್ಲಿ ಸಿಟ್ಟು ಮಾಡಲಿ? ಬಾರದವನಿಗಾಗಿ ಕಾದೂ ಕಾದೂ ನಾನೂ ಬಾರದವನಾಗಿದ್ದೆ.

ನಾಲ್ಕನೆಯ ತಾರೀಖಿಗೆ ಹೋದೆವು. ಡಾಕ್ಟರು ಆಸ್ಪತ್ರೆಯವರೇ ಇಟ್ಟುಕೊಂಡಿದ್ದ ಫೈಲು ತಿರುವಿದರು. ಮೇಜಿನ ಈಚೆಯಿಂದ ನನಗೂ ಕಾಣುತ್ತಿತ್ತು. ಒಂದರ ಕೆಳಗೊಂದು ಮೂರು ತಾರೀಖು, ಮೂರರ ಮುಂದೆಯೂ ಒಂದೇ ಮಾತು: 'ಬಂದಿಲ್ಲ'. "ಯಾಕೆ ಬರ್ಲಿಲ್ಲ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು, "ಕೆಲ್ಸ ಬಂತು ಡಾಕ್ಟ್ರೇ, ಇವ್ರದೇನೂ ತಪ್ಪಿಲ್ಲ" ಎಂದಳು. ಸ್ಲೇಟು ಒರೆಸಿದ ಹಾಗೆ.

ಆದರೆ ಫೈಲು ಸ್ಲೇಟಲ್ಲ.

ಕ್ಷಮಿಸಿ. ಇದನ್ನು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡಿರಲಿಲ್ಲ. ಚೀಟಿಯಲ್ಲಿರುವುದು ಬಸ್ಸು ಮತ್ತು ಸಭಾಂಗಣ ಮಾತ್ರ. ಆದರೆ ಎತ್ತಿದ ಗಾಡಿಯನ್ನು ಅರ್ಧಕ್ಕೆ ಬಿಡುವಂತಿಲ್ಲ. ನಾನು ಎಂಥವನು ಎಂದು ನಿಮಗೆಲ್ಲ ಗೊತ್ತು. ಹಳೆ ನಟ್ಟನ್ನೂ ಎಸೆಯದೆ ಡಬ್ಬಿಗೆ ಹಾಕುವ ಜಿಪುಣ. ಆ ದಿನ ಆಸ್ಪತ್ರೆಯವರು ಐನೂರು ಕಟ್ಟಿಸಿಕೊಂಡು, ಬಾರದಿದ್ದರೆ ವಾಪಸ್ ಇಲ್ಲ ಎಂದಿದ್ದರೆ, ರೇಡಿಯೇಟರ್ ಕುದಿಯಲಿ, ಗೇರ್‌ಬಾಕ್ಸ್ ಬಿದ್ದಿರಲಿ, ನಾನು ಹೋಗುತ್ತಿದ್ದೆ. ಅವಳಿಗಾಗಿ ಏಳದ ಮನುಷ್ಯ ಐನೂರಕ್ಕಾಗಿ ಏಳುತ್ತಿದ್ದೆ. ಹೇಳಲು ನಾಚಿಕೆಯಾಗುತ್ತದೆ. ಆದರೆ ನಿಜ. ಮೊದಲ ತಾರೀಖಿಗೇ ಹೋಗಿದ್ದರೆ ಉಳಿಯುತ್ತಿದ್ದಳೇ? ಡಾಕ್ಟರು ಹೇಳಲಿಲ್ಲ. ನಾನು ದಿನವೂ ಕೇಳಿಕೊಳ್ಳುತ್ತೇನೆ.

ಆದ್ದರಿಂದ ಸಭಿಕರೇ, ಠೇವಣಿ ನಮ್ಮ ಹೊಟ್ಟೆ ತುಂಬಿಸಲು ಅಲ್ಲ. ಬಿಲ್ಲಿನಲ್ಲಿ ಅದನ್ನು ಪೂರ್ತಿ ಮುರಿದುಕೊಳ್ಳೋಣ, ಬಂದವರಿಗೆ ಒಂದು ಪೈಸೆಯ ನಷ್ಟವೂ ಬೇಡ. ಅದು ಇರುವುದು ಮನುಷ್ಯ ಬರುವಂತೆ ಮಾಡಲು. ಬ್ರೇಕಿಲ್ಲದ ಗಾಡಿಯನ್ನು ನಾಳೆ, ನಾಡಿದ್ದು ಎಂದು ಓಡಿಸುವವನನ್ನು ಕಾಲರ್ ಹಿಡಿದು ಎಳೆದು ತರಲು.

ಡೆಂಟಿಂಗ್ ಅಣ್ಣ ಬಾಗಿಲಲ್ಲೇ ನನ್ನನ್ನು ತಡೆದು, "ಮನೇಲಿ ಸಾವಾದ್ರೆ? ಆಗ್ಲೂ ದುಡ್ಡು ನುಂಗ್ತೀರಾ?" ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇದು. ಹಣ ವಾಪಸ್ ಇಲ್ಲ, ಆದರೆ ತಾರೀಖು ಬದಲಿಸಬಹುದು. ಹಿಂದಿನ ದಿನ ಹೇಳಲಿ, ಆಗದಿದ್ದರೆ ಆಮೇಲಾದರೂ ಬಂದು ಹೇಳಲಿ. ಅದೇ ಠೇವಣಿ ಹೊಸ ತಾರೀಖಿಗೆ ನಡೆಯುತ್ತದೆ. ಒಂದು ಸಲ. ಎರಡನೆಯ ಸಲ ಇಲ್ಲ. ಮೂರನೆಯ ಸಲದ ಮಾತನ್ನು ನನ್ನ ಹತ್ತಿರ ಆಡಲೇಬೇಡಿ.

ಗಿರಾಕಿಗಳು ಎದುರು ಬೀದಿಗೆ ಓಡಿಹೋಗುತ್ತಾರೆ ಎಂದು ನಿಮಗೆ ಭಯವಿದೆ. ಕೆಲವರು ಹೋಗುತ್ತಾರೆ. ಹೋಗಲಿ. ನೀವು ಕೈ ಎತ್ತಿದರೂ ಸರಿ, ಎತ್ತದಿದ್ದರೂ ಸರಿ, ಸೋಮವಾರದಿಂದ ನನ್ನ ಗ್ಯಾರೇಜಿನಲ್ಲಿ ಈ ಪದ್ಧತಿ ಜಾರಿ. ಟಯರುಗಳ ಹಿಂದಿನಿಂದ ಬೋರ್ಡು ತೆಗೆದಿದ್ದೇನೆ. ತುಕ್ಕು ಉಜ್ಜಿದ್ದೇನೆ. ಪೇಂಟಿಂಗ್ ವಿಭಾಗದ ಗೆಳೆಯರು ನೋಡಿ, "ಅಣ್ಣಾ, ಸ್ಪೆಲ್ಲಿಂಗ್ ತಪ್ಪಿದೆ, ಪುಕ್ಕಟೆ ಸರಿ ಮಾಡಿಕೊಡ್ತೀವಿ" ಎಂದರು. ಬೇಡ ಎಂದೆ. ಅದು ಹಾಗೆಯೇ ಇರುತ್ತದೆ. ಓದಿದವರು ನಗಲಿ, ಆ ಬೆಂಚಿನ ಮೇಲೆ ಕುಳಿತೇ ನಗಲಿ. ಇಂಗ್ಲಿಷು ತಪ್ಪಿರಬಹುದು, ಬರೆದದ್ದು ತಪ್ಪಿಲ್ಲ ಎಂದು ತಿಳಿಯಲು ನನಗೆ ಹದಿನಾಲ್ಕು ವರ್ಷ ಹಿಡಿಯಿತು.

ಹತ್ತು ನಿಮಿಷ ಮುಗಿದು ಬಹಳ ಹೊತ್ತಾಗಿದೆ, ಅಧ್ಯಕ್ಷರು ಗಡಿಯಾರ ನೋಡುವುದನ್ನೂ ಬಿಟ್ಟಿದ್ದಾರೆ. ಎಲ್ಲ ಸಭೆಗಳ ಕೊನೆಗೂ ಬಂದವರಿಗೆ ವಂದನೆ ಹೇಳುವ ಪದ್ಧತಿ ಇದೆ. ಕುರ್ಚಿ ಮಡಚುವ ಸದ್ದಿನಲ್ಲಿ ಯಾರೂ ಅದನ್ನು ಕೇಳುವುದಿಲ್ಲ. ನಾನೂ ಕೇಳಿದವನಲ್ಲ. ಇವತ್ತು ದಯವಿಟ್ಟು ಕುಳಿತೇ ಕೇಳಿ. ಬರುತ್ತೇವೆ ಎಂದಿರಿ. ಹೇಳಿದ ದಿನ, ಹೇಳಿದ ಹೊತ್ತಿಗೆ, ಕೈಗೆಲಸ ಬಿಟ್ಟು ಎದ್ದು ಬಂದಿದ್ದೀರಿ. ಬಂದದ್ದಕ್ಕೆ ವಂದನೆಗಳು.

ನಮಸ್ಕಾರ.